ಮೂರು ದಿನದ ಅತಿಥಿ

ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಎನ್ನುವುದೇ ಇಲ್ಲ. ಕಲಿತ ವಿದ್ಯೆ ಊರಿನ ಯಾರಾದರೊಬ್ಬರಿಗೆ ಉಪಯೋಗಕ್ಕೆ ಬಂದ ದಿನ ಪದವಿ ಸಿಗುತ್ತದೆ, ಅಲ್ಲಿಯವರೆಗೆ ಇಲ್ಲ. ಉಪಯೋಗ ಪಡೆದವರು ಏನು ಉಪಯೋಗವಾಯಿತು ಎಂದು ಬಾಯಲ್ಲಿ ಹೇಳಬೇಕು, ವಿದ್ಯಾರ್ಥಿ ಅದನ್ನು ಹಸಿರು ಕಾಗದದಲ್ಲಿ ಹಾಗೆಯೇ ಬರೆದುಕೊಳ್ಳಬೇಕು, ಕೆಳಗೆ ಅವರು ರುಜು ಹಾಕಬೇಕು, ಬರದಿದ್ದರೆ ಹೆಬ್ಬೆಟ್ಟು. ನನ್ನ ತಂಗಿಯ ಮಗಳು ನರ್ಸಿಂಗ್ ಸೇರಿದ ದಿನವೇ ಗೇಟಿನ ಹತ್ತಿರ ಯಾರಿಗೋ ಮೂಗಿನಿಂದ ರಕ್ತ ಸುರಿಯಿತು. ಹನ್ನೊಂದಕ್ಕೆ ಹೆಸರು ಬರೆಸಿದ ಹುಡುಗಿ ಹನ್ನೆರಡಕ್ಕೆ ಪದವೀಧರೆಯಾಗಿ ಮನೆಗೆ ಬಂದು ಊಟಕ್ಕೆ ಕೂತಳು. ನಾನು ಅರಬ್ಬಿ ಭಾಷೆ ಮತ್ತು ಸಂಸ್ಕೃತಿ ವಿಭಾಗ ಸೇರಿ ಆಗ ಇಪ್ಪತ್ತಮೂರು ವರ್ಷವಾಗಿತ್ತು.

ಯಾಕೆ ಅರಬ್ಬಿ ಎಂದು ಕೇಳದವರಿಲ್ಲ. ಸೇರುವ ದಿನ ಉಳಿದ ಕಿಟಕಿಗಳ ಮುಂದೆ ಸಾಲು ಉದ್ದವಿತ್ತು, ಬಿಸಿಲು ಚುರುಗುಟ್ಟುತ್ತಿತ್ತು, ಅರಬ್ಬಿ ಕಿಟಕಿಯ ಮುಂದೆ ಯಾರೂ ಇರಲಿಲ್ಲ, ನೆರಳಿತ್ತು. ಅಷ್ಟೇ. ಅಕ್ಷರದ ಮೇಲೆ ಪ್ರೀತಿ ಬಂದದ್ದು ಆಮೇಲೆ. ಬಂದದ್ದಂತೂ ನಿಜ, ಇಲ್ಲ ಎನ್ನಲಾರೆ. ಬಲದಿಂದ ಎಡಕ್ಕೆ ಬರೆದು ಬರೆದು ನನ್ನ ಅಗಸರ ಪಟ್ಟಿಯೂ ಪುಸ್ತಕದ ಹಿಂದಿನಿಂದ ಶುರುವಾಗುತ್ತಿತ್ತು. ಗಂಟಲಿನ ತಳದಿಂದ ಹೊರಡಿಸಬೇಕಾದ ಒಂದು ಅಕ್ಷರವನ್ನು ಹಾಸ್ಟೆಲಿನ ಬಚ್ಚಲಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಪಕ್ಕದ ಕೋಣೆಯವರು ಗಂಟಲುನೋವೆಂದು ಶುಂಠಿ ಕಷಾಯ ಮಾಡಿ ತಂದುಕೊಟ್ಟಿದ್ದರು. ಬಿಟ್ಟುಹೋದ ಬಿಡಾರದ ಬೂದಿಯ ಮುಂದೆ ನಿಂತು ಅಳುವ ಹಳೆಯ ಪದ್ಯಗಳು ನನಗೆ ನೂರಾರು ಬಾಯಿಗೆ ಬರುತ್ತಿದ್ದವು. ಅವುಗಳಿಂದ ಊರಿನಲ್ಲಿ ಯಾರಿಗೆ ಏನಾಗಬೇಕು?

ಪದವಿ ಬರುವವರೆಗೆ ವಿದ್ಯಾರ್ಥಿ ವಿದ್ಯಾರ್ಥಿಯೇ. ನೀಲಿ ಲಂಗ, ಬಿಳಿ ರವಿಕೆ, ಎರಡು ಜಡೆ. ಬಸ್ಸಿನಲ್ಲಿ ಅರ್ಧ ಟಿಕೆಟ್ಟು. ಕೆಲಸ ಕೊಡುವವರಿಲ್ಲ, ಮನೆ ಬಾಡಿಗೆಗೆ ಕೊಡುವವರಿಲ್ಲ. ನಲವತ್ತನಾಲ್ಕರ ಹೆಂಗಸು ನೆರೆತ ಕೂದಲನ್ನು ಎರಡು ಭಾಗ ಮಾಡಿ ರಿಬ್ಬನ್ನು ಕಟ್ಟುವಾಗ ಕನ್ನಡಿ ನೋಡದಿರುವುದು ಒಳ್ಳೆಯದು. ನಾನು ನೋಡದೆಯೇ ಕಟ್ಟಿಕೊಳ್ಳುವುದನ್ನು ಕಲಿತಿದ್ದೆ. ನಲವತ್ತೈದು ತುಂಬಿದರೆ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ವಿದ್ಯಾರ್ಥಿಯೂ ಅಲ್ಲ, ಪದವೀಧರೆಯೂ ಅಲ್ಲ, ಹಾಸ್ಟೆಲಿನ ಕೋಣೆಯೂ ಇಲ್ಲ. ಹಾಗೆ ಹೆಸರು ಹೊಡೆಸಿಕೊಂಡವರು ಊರಿನಲ್ಲಿ ಏಳೆಂಟು ಜನ ಇದ್ದಾರೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿರುತ್ತಾರೆ. ಅವರನ್ನು ಯಾರೂ ಬೈಯುವುದಿಲ್ಲ, ಮಾತೂ ಆಡಿಸುವುದಿಲ್ಲ. ನನಗೆ ನಲವತ್ತೈದು ತುಂಬಲು ನಾಲ್ಕು ತಿಂಗಳಿತ್ತು.

ವಿಭಾಗದಲ್ಲಿ ನಾವು ಏಳು ಜನ. ಬಂದ ಮೊದಲ ಉಪಯೋಗ ಹಿರಿಯ ವಿದ್ಯಾರ್ಥಿಗೆ ಎಂಬುದು ಕ್ರಮ, ಆರು ವರ್ಷದಿಂದ ಆ ಹಿರಿಯಳು ನಾನೇ. ನನ್ನ ಹಿಂದಿನವನು ಪದವಿ ಪಡೆದದ್ದು ಒಂದು ಖರ್ಜೂರದ ಡಬ್ಬಿಯಿಂದ. ಯಾರೋ ಕಿಟಕಿಯ ಹತ್ತಿರ ಡಬ್ಬಿ ಹಿಡಿದು ಬಂದು ಇದರ ಮೇಲೆ ಏನು ಬರೆದಿದೆ ಎಂದರು, ಇವನು 'ಬೀಜ ತೆಗೆದದ್ದು' ಎಂದು ಓದಿದ, ಹದಿನೆಂಟು ವರ್ಷದ ವಿದ್ಯೆ ಸಾರ್ಥಕವಾಯಿತು. ಅವನಿಗಿಂತ ಹಿಂದಿನವಳಿಗೆ ಅತ್ತರಿನ ಬಾಟಲಿ. ಆರು ವರ್ಷ ನಾನು ಆ ಕಿಟಕಿ ಕಾದೆ. ಅಂಗಡಿಯವರು ಈಗ ಎಲ್ಲ ಡಬ್ಬಿಯ ಮೇಲೂ ಕನ್ನಡದ ಚೀಟಿ ಅಂಟಿಸುತ್ತಾರೆ, ಅವರಿಗೇನು ಗೊತ್ತು!

ಮುಖ್ಯಸ್ಥರು ಬದ್ರುದ್ದೀನ್ ಮೇಷ್ಟ್ರು. ಎಪ್ಪತ್ತರ ಹತ್ತಿರ, ತೆಳ್ಳಗೆ, ಶುಭ್ರ. ಅರಬ್ಬರ ನಾಡನ್ನು ಅವರೂ ಕಂಡವರಲ್ಲ, ಆದರೆ ಪುಸ್ತಕದಲ್ಲಿ ಇದ್ದದ್ದರಲ್ಲಿ ಅವರಿಗೆ ಗೊತ್ತಿಲ್ಲದ್ದು ಇರಲಿಲ್ಲ. ಹಸಿರು ಕಾಗದಕ್ಕೆ ಕೊನೆಗೆ ಅವರ ರುಜು ಬೀಳಬೇಕು. ಪಾಠದಲ್ಲಿ ತಪ್ಪು ಕಂಡರೆ ಹಾಕುವುದಿಲ್ಲ. ಅತ್ತರಿನ ಬಾಟಲಿಯವಳು ಒಂದು ಅಕ್ಷರ ತಪ್ಪಾಗಿ ಓದಿದಳೆಂದು ಬಾಟಲಿ ತಂದಿದ್ದ ಹೆಂಗಸನ್ನು ಮನೆಯಿಂದ ವಾಪಸು ಕರೆಸಿ ಮತ್ತೆ ಓದಿಸಿದ್ದರು.

ನಮ್ಮ ನಾಲ್ಕನೇ ವಿಷಯ ಅತಿಥಿ ಪಾಠ. ವಿಭಾಗದ ಮುಂದಿನ ಕೋಣೆಯಲ್ಲಿ ಕೆಂಪು ಜಮಖಾನೆ, ಗೋಡೆಗೆ ಒರಗಿಸಿದ ದಿಂಬುಗಳು, ಮೂಲೆಯಲ್ಲಿ ಕೊಕ್ಕಿನ ಹಿತ್ತಾಳೆ ಕಾಫಿಪಾತ್ರೆ. ಪ್ರತಿ ಗುರುವಾರ ನಮ್ಮಲ್ಲೇ ಒಬ್ಬರು ಅತಿಥಿಯಾಗಬೇಕು, ಉಳಿದವರು ಉಪಚರಿಸಬೇಕು. ಪಾತ್ರೆ ಎಡಗೈಯಲ್ಲಿ, ಹಿಡಿಯಿಲ್ಲದ ಪುಟ್ಟ ಬಟ್ಟಲು ಬಲಗೈಯಲ್ಲಿ, ತಳ ಮುಚ್ಚುವಷ್ಟು ಮಾತ್ರ ಏಲಕ್ಕಿ ಹಾಕಿದ ಕಾಫಿ. ಖಾಲಿಯಾದ ಕೂಡಲೇ ಮತ್ತೆ ಹಾಕಬೇಕು. ಸಾಕು ಎನ್ನಬೇಕಾದರೆ ಅತಿಥಿ ಬಾಯಿ ಬಿಡುವಂತಿಲ್ಲ, ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ: ಬಂದವನು ಯಾರು, ಯಾಕೆ ಬಂದ ಎಂದು ಮೂರು ದಿನ ಕೇಳಕೂಡದು. ಅವನು ಹೊಟ್ಟೆತುಂಬ ಉಂಡು, ಆಯಾಸ ಕಳೆದು, ಮನೆಯವನೆನಿಸಿದ ಮೇಲೆ ಮಾತು. ಇಪ್ಪತ್ತಮೂರು ವರ್ಷದ ಗುರುವಾರಗಳಲ್ಲಿ ನಾನು ಅದೇ ಆರೇಳು ಮುಖಗಳಿಗೆ ಸಾವಿರಗಟ್ಟಲೆ ಬಟ್ಟಲು ಕಾಫಿ ಹಾಕಿದ್ದೆ. ಹೊಸಬರೊಬ್ಬರು ಆ ಜಮಖಾನೆಯ ಮೇಲೆ ಕೂತದ್ದೇ ಇಲ್ಲ. ಡಬ್ಬಿ ತಂದವರೆಲ್ಲ ಕಿಟಕಿಯ ಹೊರಗೇ ನಿಂತು ಹೋದವರು.

ಅಂದು ಸೋಮವಾರ. ಬೆಳಿಗ್ಗೆ ಕಿಟಕಿಯಲ್ಲಿ ಕೂರಬೇಕಾದ ನಾನು ಒಳಗೆ ಒಗೆದ ಪರದೆ ಹಾಕುತ್ತಿದ್ದೆ. ಹೊರಗೆ ಬಂದು ನೋಡಿದರೆ ಜಮಖಾನೆಯ ಅಂಚಿನ ಮೇಲೆ ಒಬ್ಬ ಗಂಡಸು ಕೂತಿದ್ದ. ಐವತ್ತರ ಆಸುಪಾಸು. ತಲೆಗೆ ಬಿಸಿಲಿಗೆಂದು ಟವೆಲು ಸುತ್ತಿದ್ದ, ಮೊಣಕಾಲಿನವರೆಗೆ ಸುಣ್ಣದ ಬಿಳಿ ದೂಳು, ತೊಡೆಯ ಮೇಲೆ ಬಟ್ಟೆಯ ಚೀಲ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದಿದ್ದ. ನನ್ನನ್ನು ಕಂಡು ಎದ್ದು ನಿಂತು ಬಾಯಿ ತೆರೆದ.

ಅಷ್ಟರಲ್ಲಿ ಮೇಷ್ಟ್ರು ಒಳಗಿನಿಂದ ಬಂದರು. ಅವರ ಮುಖ ಅರಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಕೂತುಕೊಳ್ಳಿ, ಕೂತುಕೊಳ್ಳಿ. ಇದು ನಿಮ್ಮದೇ ಮನೆ," ಎಂದು ಅವನ ಭುಜ ಹಿಡಿದು ನಡುವಿನ ದಿಂಬಿಗೆ ಒರಗಿಸಿದರು. ಆಮೇಲೆ ನನ್ನನ್ನು ಬಾಗಿಲ ಹಿಂದೆ ಕರೆದು, "ಚೂಡಾಮಣಿ, ಇವರು ಗಿರಾಕಿ ಅಲ್ಲಮ್ಮ, ಅತಿಥಿ. ಜಮಖಾನೆ ಮೇಲೆ ತಾವಾಗಿ ಬಂದು ಕೂತಿದ್ದಾರೆ. ಪಾಠ ಪೂರ್ತಿ ಆಗಬೇಕು. ಮೂರು ದಿನ ಯಾರೂ ಏನೂ ಕೇಳಕೂಡದು, ಅವರಾಗಿ ಹೇಳುವ ಹಾಗೂ ಮಾಡಕೂಡದು. ಸರಿಯಾಗಿ ನಡೆದರೆ ಗುರುವಾರ ಮಧ್ಯಾಹ್ನ ನಾನೇ ಕೇಳುತ್ತೇನೆ, ಅವರ ಕೆಲಸ ನಿನಗೆ," ಎಂದರು. ಇಪ್ಪತ್ತಮೂರು ವರ್ಷ ಕಾದವಳಿಗೆ ಮೂರು ದಿನ ಯಾವ ಲೆಕ್ಕ? ಹೋಗಿ ಕಾಫಿ ಹುರಿಯಲು ಇಟ್ಟೆ.

ಮೊದಲ ದಿನ ಅವನು ಹನ್ನೊಂದು ಬಟ್ಟಲು ಕಾಫಿ ಕುಡಿದ. ಅಲ್ಲಾಡಿಸುವುದು ಅವನಿಗೆ ಗೊತ್ತಿಲ್ಲ, ನಿಲ್ಲಿಸುವುದು ನಮಗೆ ಗೊತ್ತಿಲ್ಲ. ಖಾಲಿ ಬಟ್ಟಲು ಮುಂದೆ ಚಾಚಿದಾಗೆಲ್ಲ ನಾವು ತುಂಬಿದೆವು, ತುಂಬಿದ್ದನ್ನು ಬಿಡುವುದು ಮರ್ಯಾದೆಯಲ್ಲವೆಂದು ಅವನು ಕುಡಿದ. ಹನ್ನೊಂದನೆಯದಕ್ಕೆ ಅವನ ಕಣ್ಣಲ್ಲಿ ನೀರಿತ್ತು. ಕೊನೆಗೆ ಫರ್ಹತ್ ತನ್ನ ಕೈಯಲ್ಲಿ ಖಾಲಿ ಬಟ್ಟಲು ಹಿಡಿದು ಅವನ ಎದುರು ಅಲ್ಲಾಡಿಸಿ ತೋರಿಸಿದಳು. ಫರ್ಹತ್ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಇಪ್ಪತ್ತರ ಹುಡುಗಿ, ಸೇರಿ ಇನ್ನೂ ಒಂದು ವರ್ಷವಾಗಿತ್ತು. ಅವಳ ನಾಲಿಗೆಗೆ ಬೀಗವಿಲ್ಲ. ಮೇಷ್ಟ್ರು ಕಣ್ಣು ಕೆಂಪಗೆ ಮಾಡಿದರು, ಆದರೆ ಬೈಯಲಿಲ್ಲ. ದೊಡ್ಡ ತಟ್ಟೆಯಲ್ಲಿ ತುಪ್ಪದನ್ನ, ಮಾಂಸ, ಖರ್ಜೂರ ಬಂತು. ತಲೆಯ ಕೆಳಗೆ ಎರಡು ದಿಂಬು ಕೊಟ್ಟೆವು. ಅವನು ಎಲ್ಲಕ್ಕೂ ತಲೆಯಾಡಿಸಿದ, ಎಲ್ಲವನ್ನೂ ತಿಂದ, ಆಗಾಗ ಬಾಗಿಲ ಕಡೆ ನೋಡಿದ.

ಮರುದಿನ ಬೆಳಿಗ್ಗೆ ಫರ್ಹತ್ ನನ್ನನ್ನು ನೀರಿನ ತೊಟ್ಟಿಯ ಹತ್ತಿರ ಹಿಡಿದಳು. "ಚೂಡಕ್ಕಾ, ಆ ಮನುಷ್ಯನಿಗೆ ಏನೋ ಹೇಳೋದಿದೆ. ನೋಡಿದ್ರೇ ಗೊತ್ತಾಗಲ್ವಾ? ಚೀಲ ಒಂದು ಗಳಿಗೆ ಕೆಳಗಿಟ್ಟಿಲ್ಲ. ಕೇಳಿಬಿಡೋಣ."

"ಮೇಷ್ಟ್ರು ಬೇಡ ಅಂದಿದ್ದಾರೆ."

"ಮೇಷ್ಟ್ರು ಪುಸ್ತಕ ನೋಡ್ತಾ ಇದ್ದಾರೆ. ನೀವು ಅವರ ಮುಖ ನೋಡಿ."

"ನಿನಗೆ ಇಪ್ಪತ್ತು ವರ್ಷ. ನಿನಗೆ ಏನೂ ಅವಸರ ಇಲ್ಲ, ಅದಕ್ಕೇ ಧರ್ಮದ ಮಾತು ಬರುತ್ತೆ," ಎಂದೆ. ಅವಳು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದಳು. ಅಷ್ಟು ಕಟುವಾಗಿ ಹೇಳಬಾರದಿತ್ತು. ಆದರೆ ಅಂದು ನನ್ನ ಕಣ್ಣ ಮುಂದೆ ಬಸ್ ನಿಲ್ದಾಣದ ಕಲ್ಲುಬೆಂಚು ಬಿಟ್ಟರೆ ಬೇರೇನೂ ಇರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಮೊಣಕಾಲ ಮೇಲೆ ಎದ್ದು ಕೂತು, "ಅಕ್ಕಾರ, ನಾ ಒಂದ್ ಮಾತು ಹೇಳೂದಿತ್ರಿ. ನಮ್ಮ ಮನ್ಯಾಗ..." ಎಂದ.

ಒಳಗಿನ ಕೋಣೆಯಲ್ಲಿ ಮೇಷ್ಟ್ರು ಹಾಳೆ ತಿರುಗಿಸುವ ಸದ್ದು ಕೇಳುತ್ತಿತ್ತು. ಇವನು ಈಗ ಹೇಳಿಬಿಟ್ಟರೆ ಪಾಠ ಕೆಟ್ಟಿತು, ಪಾಠ ಕೆಟ್ಟರೆ ರುಜು ಇಲ್ಲ. ನಾನು ಬಟ್ಟಲನ್ನು ಅವನ ಬಾಯಿಗೆ ಹಿಡಿಯುವಷ್ಟು ಹತ್ತಿರ ತಂದು, "ಮೊದಲು ಕಾಫಿ ತಗೊಳ್ಳಿ. ಮಾತಿಗೇನು, ಗುರುವಾರ ಮಧ್ಯಾಹ್ನ ಎಲ್ಲ ಕೇಳ್ತಾರೆ," ಎಂದೆ.

"ಗುರುವಾರ ಏನ್ರಿ?" ಎಂದು ಅವನು ಬೆರಳು ಮಡಚಿ ಎಣಿಸಿದ. "ಹಂಗಾರ ಆತು ಬಿಡ್ರಿ. ನನ್ನ ಪಾಳಿ ಅವತ್ತ ಬರತೈತೇನು."

"ಹೌದು, ಅವತ್ತೇ ಬರುತ್ತೆ," ಎಂದೆ. ಅವನು ಕಾಫಿ ಕುಡಿದು, ಬಟ್ಟಲನ್ನು ಫರ್ಹತ್ ತೋರಿಸಿದ ಹಾಗೆ ಮೆಲ್ಲಗೆ ಅಲ್ಲಾಡಿಸಿ, ನನ್ನ ಕೈಗೆ ಕೊಟ್ಟ. ಅಂದು ಇಡೀ ದಿನ ಮತ್ತೆ ಬಾಯಿ ಬಿಡಲಿಲ್ಲ. ಬುಧವಾರವೂ ಹಾಗೆಯೇ ಹೋಯಿತು. ಮೇಷ್ಟ್ರು ಅವನ ಎದುರು ಕೂತು ಕುದುರೆಗಳ ಬಗ್ಗೆ, ನಕ್ಷತ್ರಗಳ ಬಗ್ಗೆ ಗಂಟೆಗಟ್ಟಲೆ ಹೇಳಿದರು. ಅತಿಥಿಗೆ ಬೇಸರವಾಗದಂತೆ ನೋಡಿಕೊಳ್ಳುವುದೂ ಪಾಠದಲ್ಲಿತ್ತು. ಅವನು ಹೂಂಗುಟ್ಟುತ್ತ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದ.

ಗುರುವಾರ ಮಧ್ಯಾಹ್ನ ಮೇಷ್ಟ್ರು ಬಿಳಿ ಅಂಗಿ ಹಾಕಿಕೊಂಡು ಬಂದರು. ಏಳೂ ಜನ ಗೋಡೆಗೆ ಸಾಲಾಗಿ ನಿಂತೆವು. ಅವರು ಎದೆಯ ಮೇಲೆ ಕೈಯಿಟ್ಟು, "ನಮ್ಮ ಮನೆಗೆ ಬೆಳಕು ತಂದಿರಿ. ಈಗ ಹೇಳಿ, ನಿಮ್ಮ ಹೆಸರೇನು, ನಮ್ಮಿಂದ ಏನಾಗಬೇಕು?" ಎಂದರು.

"ನಾ ಭರಮಪ್ಪ ಅಂತರಿ, ಸುಣ್ಣದ ಭಟ್ಟಿ ಓಣ್ಯಾಂವ," ಎಂದ ಅವನು. ಮೂರು ದಿನ ಮನಸ್ಸಿನಲ್ಲೇ ಹೇಳಿಕೊಂಡು ಹದ ಮಾಡಿದ್ದ ಮಾತಿರಬೇಕು, ಎಲ್ಲೂ ತಡವರಿಸಲಿಲ್ಲ. "ನಮ್ಮಪ್ಪ ಯಮನೂರಪ್ಪ ಅಂತ. ಹಡಗದ ಊರಾಗ ನಲವತ್ತ ವರ್ಷ ಅಡಗಿ ಮಾಡಿದಾಂವ, ಅರಬ್ಬರ ದೇಶದಾಗ. ಎಂಟು ವರ್ಷ ಆತರಿ ಬಂದು. ಹೋದ ತಿಂಗಳ ಬಚ್ಚಲದಾಗ ಬಿದ್ದ. ಬಿದ್ದಾಗಿಂದ ನಮ್ಮ ಮಾತು ಪೂರಾ ಹೋಗೇತರಿ. ಅಲ್ಲೀ ಮಾತ ಆಡತಾನ. ಏನ್ ಬೇಕೋ ಏನ್ ಬ್ಯಾಡೋ ಒಂದೂ ತಿಳೀವಲ್ದು. ನನ್ನ ಗುರ್ತ ಸೈತ ಇಲ್ಲೇನೋ ಅನಸ್ತೈತಿ. ಮಾರಿ ನೋಡತಾನ, ಏನೋ ಅಂತಾನ, ನಾ ಸುಮ್ನ ಕುಂದರತೇನಿ. ಆರಾಮ ಇಲ್ಲರಿ, ದಿನಾ ಎಣಸಾಕತ್ತೇವಿ. ಏನಂತಾನ ಅಂತ ಹೇಳವರು ಯಾರರ ಬೇಕಾಗಿತ್ರಿ."

ಮೇಷ್ಟ್ರ ಕೈ ಎದೆಯ ಮೇಲೆಯೇ ಇತ್ತು. ಫರ್ಹತ್ ನನ್ನ ಕಡೆ ನೋಡಿದಳು, ಬಾಗಿಲ ಹೊರಗೆ ಹೋಗಿ ಅವನ ಚಪ್ಪಲಿಯನ್ನು ಸರಿಯಾಗಿ ತಿರುಗಿಸಿಟ್ಟಳು.

"ಹೊರಡು, ಚೂಡಾಮಣಿ. ಬೇಗ," ಎಂದರು ಮೇಷ್ಟ್ರು. ನಾನು ಹಸಿರು ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ.

ಸುಣ್ಣದ ಭಟ್ಟಿ ಓಣಿ ಊರಿನ ಇನ್ನೊಂದು ತುದಿ, ಬಸ್ಸಿನಲ್ಲಿ ಎರಡು ಗಂಟೆ. ಸುಳ್ಳು ಹೇಳುವುದಿಲ್ಲ, ಮೊದಲ ಒಂದು ಗಂಟೆ ನಾನು ಸುಖವಾಗಿದ್ದೆ. ಅರಬ್ಬಿ ಬಲ್ಲ ಜೀವವೊಂದರ ಜೊತೆ ಬಾಳಿನಲ್ಲಿ ಮೊದಲ ಸಲ ಮಾತಾಡಲು ಹೊರಟಿದ್ದೆ. ಹೋದ ಕೂಡಲೇ ಏನನ್ನಬೇಕು? ನಿಮಗೆ ಶಾಂತಿಯಿರಲಿ, ನಾನು ನಿಮ್ಮ ಮಗಳಂಥವಳು, ನಿಮಗೆ ಏನು ಬೇಕು ಹೇಳಿ, ಎಂದು ಮನಸ್ಸಿನಲ್ಲೇ ನಾಲ್ಕು ರೀತಿ ಹೇಳಿ ನೋಡಿದೆ. ವಾಕ್ಯ ಚೆನ್ನಾಗಿ ಕೂತಾಗ ನನಗೇ ನಗು ಬಂತು. ನೆರೆತ ಕೂದಲನ್ನು ಒಂದೇ ಜಡೆಯಾಗಿ ಹೆಣೆಯುವುದು, ಬೀಗದ ಕೈ ಇರುವ ಒಂದು ಬಾಡಿಗೆ ಕೋಣೆ, ಅದರಲ್ಲಿ ನನ್ನದೇ ಒಲೆ. ಇವೆಲ್ಲ ಕಣ್ಣ ಮುಂದೆ ಬಂದುಹೋದವು.

ಆಮೇಲೆ ಪಕ್ಕದಲ್ಲಿ ಕೂತವನ ನೆನಪಾಯಿತು. "ಭರಮಪ್ಪನವರೇ, ಅಷ್ಟು ಅವಸರದ ಕೆಲಸ ಇದ್ದಾಗ ಮೂರು ದಿನ ಯಾಕೆ ಕೂತಿರಿ? ಜೋರು ಮಾಡಿ ಹೇಳಬಾರದಿತ್ತೇ?" ಎಂದೆ.

ಅವನು ಆಶ್ಚರ್ಯದಿಂದ ನನ್ನನ್ನು ನೋಡಿದ. "ಕಂದಾಯ ಕಚೇರ್ಯಾಗ ಆರು ದಿನಾ ಕುಂತೇನ್ರಿ ನಾನು. ಅಲ್ಲಿ ನೀರು ಸೈತ ಕೊಡಲಿಲ್ಲ. ಆಸ್ಪತ್ರ್ಯಾಗ ಎರಡು ದಿನಾ. ಜೋರು ಮಾಡಿದ್ರ ಪಾಳಿ ಹಿಂದಕ್ಕ ಹಾಕತಾರ. ನಿಮ್ಮಲ್ಲಿ ಊಟ ಕೊಟ್ರಿ, ಹಾಸಿಗಿ ಕೊಟ್ರಿ. ಮೂರನೇ ದಿನಕ್ಕ ಕರದು ಕೇಳಿದ್ರಿ. ಎದ್ದು ಮನಿಗೆ ಹ್ವಾದ್ರ ಪಾಳಿ ತಪ್ಪೀತು ಅಂತ ಕುಂತೆ." ಮತ್ತೆ ಹೇಳಿದ, ದೂರುವ ದನಿಯೇನೂ ಇರಲಿಲ್ಲ: "ಮಂಗಳವಾರ ನಿಮಗ ಹೇಳಾಕ ಬಂದಿದ್ನಲ್ರಿ. ನೀವು ಕಾಫಿ ಹಾಕಿದ್ರಿ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಉಳಿದ ಒಂದು ಗಂಟೆಯಲ್ಲಿ ನಾನು ಕಟ್ಟಿಕೊಂಡಿದ್ದ ವಾಕ್ಯಗಳು ಒಂದೊಂದಾಗಿ ಮನಸ್ಸಿನಿಂದ ಜಾರಿಹೋದವು.

ಓಣಿಯ ತಿರುವಿನಲ್ಲಿ ಬಸ್ಸಿಳಿದಾಗಲೇ ಗೊತ್ತಾಯಿತು. ಅವನ ಮನೆಯ ಮುಂದೆ ಜನ ನಿಂತಿದ್ದರು. ಗಂಡಸರು ಬೀಡಿ ಕೆಳಗೆ ಹಾಕಿ ದಾರಿ ಬಿಟ್ಟರು. ಪಡಸಾಲೆಯಲ್ಲಿ ಯಮನೂರಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಗದ್ದ ಬೀಳದಂತೆ ಕಟ್ಟಿದ ಬಟ್ಟೆ. ದೊಡ್ಡ ಕೈಗಳು, ಅಡುಗೆಯವರ ಕೈ, ಬೆರಳ ಮೇಲೆ ಹಳೆಯ ಸುಟ್ಟ ಗುರುತುಗಳು. ಬೆಳಿಗ್ಗೆ ಹಾಲಿನವನು ಬಂದುಹೋದ ಹೊತ್ತಿಗೆ ಉಸಿರು ನಿಂತಿತಂತೆ.

ಭರಮಪ್ಪ ಚೀಲವನ್ನು ಮೂರು ದಿನದ ಮೇಲೆ ಮೊದಲ ಸಲ ಕೆಳಗಿಟ್ಟ. ಅಪ್ಪನ ಕಾಲ ಹತ್ತಿರ ಕೂತು ಪಾದ ಹಿಡಿದುಕೊಂಡ. ಅಳಲಿಲ್ಲ. ಅವನ ಹೆಂಡತಿ ಕಾಶವ್ವ ಒಳಗಿನಿಂದ ಓಡಿಬಂದು, "ಸಂಜಿಗೆ ಬರತೇನಿ ಅಂತ ಹೇಳಿ ಹ್ವಾದ್ರಿ! ಮೂರ ದಿನಾ ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ಅವನ ಬೆನ್ನಿಗೆ ಗುದ್ದಿ, ಆಮೇಲೆ ಅದೇ ಬೆನ್ನಿಗೆ ತಲೆಯಿಟ್ಟು ಅತ್ತಳು. ಅವಳ ಗುದ್ದು ನನಗೆ ಬೀಳಬೇಕಾದದ್ದು. ನಾನು ಎರಡು ಜಡೆಯ, ನೀಲಿ ಲಂಗದ ಮುದುಕಿ, ಹೊಸ್ತಿಲ ಹೊರಗೆ ನಿಂತಿದ್ದೆ. ನನ್ನನ್ನು ಯಾರು ಎಂದು ಕೇಳಿದವರೂ ಇಲ್ಲ.

ಬಹಳ ಹೊತ್ತಿನ ಮೇಲೆ ಭರಮಪ್ಪ ತಲೆಯೆತ್ತಿ ನನ್ನನ್ನು ನೋಡಿದ. "ಒಳಗ ಬರ್ರಿ ಅಕ್ಕಾರ," ಎಂದ. ಆಮೇಲೆ ಹೆಂಡತಿಗೆ, "ಇವರು ಅಪ್ಪನ ಮಾತು ಬಲ್ಲವರು. ನಾ ಹ್ವಾದ ಮ್ಯಾಲ ಅಪ್ಪ ಏನರ ಅಂದ್ನೇನು?" ಎಂದು ಕೇಳಿದ.

"ಏನರ ಅಂದ್ರೇನು ಅಂತ ಕೇಳ್ತೀರಲ್ಲ? ಮೂರ ದಿನಾ ಬಾಯಿ ಮುಚ್ಚಲಿಲ್ಲ ಮಾವ. ಬಾಗಲಾ ನೋಡೂದು, ಅನ್ನೂದು. ಬಾಗಲಾ ನೋಡೂದು, ಅನ್ನೂದು. ಗಂಜಿ ಕೊಟ್ರ ಒಲ್ಲೆ ಅಂತ ತಳ್ಳಿದ್ರು. ನನಗ ಬಾಯಿಪಾಠ ಆಗೇತಿ," ಎಂದಳು ಕಾಶವ್ವ. ಸೆರಗಿನಿಂದ ಮೂಗು ಒರೆಸಿಕೊಂಡು, ಮಾವನ ದನಿಯಲ್ಲೇ, ನಿಧಾನವಾಗಿ ಹೇಳಿದಳು: "ವೇನ್ ರಾಹ್ ವಲ್ದೀ. ವೇನ್ ರಾಹ್ ವಲ್ದೀ. ಆಮ್ಯಾಲ, ಖಲ್ಲೀ ಯಿಜೀ, ಖಲ್ಲೀ ಯಿಜೀ. ಹಿಂಗ."

ಅದು ನಾವು ಕಲಿತ ಅರಬ್ಬಿಯಲ್ಲ. ಬಂದರಿನ ಹಮಾಲರ, ಅಡುಗೆಮನೆಯ ಅರಬ್ಬಿ. ನಮ್ಮ ಒಂದು ಪುಸ್ತಕದ ಕೊನೆಗೆ ಆ ಮಾತಿನ ಹದಿನಾರು ಪುಟಗಳಿದ್ದವು. ಇದು ಸಭ್ಯರ ಭಾಷೆಯಲ್ಲವೆಂದು ಮೇಷ್ಟ್ರು ಪ್ರತಿ ವರ್ಷ ಅದನ್ನು ಬಿಟ್ಟುಬಿಡುತ್ತಿದ್ದರು. ಕಿಟಕಿ ಕಾಯುವ ಬೇಸರಕ್ಕೆ ನಾನು ಓದಿದ್ದೆ. ಕಾಶವ್ವನಿಂದ ಮತ್ತೆರಡು ಸಲ ಹೇಳಿಸಿದೆ. ಮೂರನೆಯ ಸಲಕ್ಕೆ ಅರ್ಥ ತಾನಾಗಿ ಬಂದು ನಿಂತಿತು.

ಬೇರೇನಾದರೂ ಹೇಳಬಹುದಿತ್ತು. ದೇವರ ಹೆಸರು ಹೇಳುತ್ತಿದ್ದರು ಎನ್ನಬಹುದಿತ್ತು. ಆ ಮನೆಯಲ್ಲಿ ಅಲ್ಲ ಎನ್ನುವವರು ಯಾರಿದ್ದರು? ನಾನು ನಿಜ ಹೇಳಿದ್ದು ನಿಜದ ಮೇಲಿನ ಭಕ್ತಿಯಿಂದಲ್ಲ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಒಬ್ಬರು ಪ್ರಶ್ನೆ ಕೇಳಿದ್ದರು, ನನಗೆ ಉತ್ತರ ಗೊತ್ತಿತ್ತು. ತರಗತಿಯ ಹುಡುಗಿಯ ಹಾಗೆ ಬಾಯಿಂದ ಬಂದುಬಿಟ್ಟಿತು.

"ನನ್ನ ಮಗ ಎಲ್ಲಿ ಹೋದ, ಅಂತ. ಅವನು ಬರಲಿ, ಕರೀರಿ, ಅಂತ."

ಕಾಶವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಭರಮಪ್ಪ ನನ್ನನ್ನೇ ನೋಡುತ್ತಿದ್ದ.

"ಮಗ ಅಂದ್ನೇನ್ರಿ?"

"ಹೌದು. ವಲ್ದೀ ಅಂದರೆ ನನ್ನ ಮಗ."

"ಅಂದ್ರ ನನ್ನ ಗುರ್ತ ಇತ್ತು."

"ಇತ್ತು."

"ಮೂರೂ ದಿನಾ ನನ್ನ ಕೇಳ್ಯಾನ."

ಅವನು ಅಪ್ಪನ ಪಾದವನ್ನು ಮೆಲ್ಲಗೆ ಕೆಳಗಿಟ್ಟು ಎದ್ದ. ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು, ಮೈಮೇಲಿನ ಅಂಗಿಗೇ ಒರೆಸಿಕೊಳ್ಳುತ್ತ ಬಂದ. ಅವನು ಏನು ಮಾಡಲಿದ್ದಾನೆ ಎಂದು ನನಗೆ ಭಯವಾಯಿತು. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ, ನಿಜವಾಗಿ.

"ಆ ಹಸರು ಕಾಗದ ತಗೀರಿ," ಎಂದ.

"ಬೇಡ, ಭರಮಪ್ಪನವರೇ. ಈಗ ಅದೆಲ್ಲ..."

"ತಗೀರಿ ಅಕ್ಕಾರ. ಅದಕ್ಕಂತ ನೀವು ಬಂದೀರಿ, ನನಗ ಗೊತ್ತಿಲ್ಲೇನು? ಊರಾಗ ಯಾರಿಗೆ ಗೊತ್ತಿಲ್ಲ." ಕೋಪದ ದನಿಯಲ್ಲ. ಇಡೀ ದಿನ ಭಟ್ಟಿಯ ಮುಂದೆ ನಿಂತು ಬಂದವನ ದನಿ. "ಬರೀರಿ. ನಮ್ಮಪ್ಪಗ ನನ್ನ ಗುರ್ತ ಇತ್ತು ಅನ್ನೂದು ತಿಳೀತು. ಇಷ್ಟ ಬರೀರಿ. ಉಳದದ್ದು ಬರೀಬ್ಯಾಡ್ರಿ."

ನಾನು ಅಂಗಳದ ಕಟ್ಟೆಯ ಮೇಲೆ ಕೂತು ಬರೆದೆ. ಅಕ್ಷರ ನೆಟ್ಟಗೆ ಬರಲಿಲ್ಲ. ಒಳಗೆ ಹೆಂಗಸರು ಮತ್ತೆ ಅಳಲು ಶುರುಮಾಡಿದ್ದರು, ಚಟ್ಟಕ್ಕೆ ಬಿದಿರು ತಂದವನು ನನ್ನನ್ನು ದಾಟಿ ಒಳಗೆ ಹೋದ. ಭರಮಪ್ಪ ಹೆಬ್ಬೆರಳನ್ನು ಶಾಯಿಯಲ್ಲಿ ಒತ್ತಿ, ನಾನು ತೋರಿಸಿದ ಜಾಗದಲ್ಲಿ, ಜಾಗ ತಪ್ಪದ ಹಾಗೆ ಎಚ್ಚರಿಕೆಯಿಂದ ಒತ್ತಿದ. ಬೆರಳೆತ್ತಿ ಒಂದು ಸಲ ನೋಡಿದ.

"ನಿಮ್ಮ ಕೆಲಸನಾರ ಆಗ್ಲಿ," ಎಂದು ಹೇಳಿ ಒಳಗೆ ಹೋದ.

ಹರಿದು ಎಸೆಯಬೇಕಿತ್ತು. ಫರ್ಹತ್ ಆಗಿದ್ದರೆ ಎಸೆಯುತ್ತಿದ್ದಳು. ಹೆಬ್ಬೆಟ್ಟಿನ ಶಾಯಿ ಇನ್ನೂ ಹಸಿಯಾಗಿತ್ತು, ಮಡಚಿದರೆ ಕದಡಿಹೋಗುತ್ತದೆ, ಕದಡಿದರೆ ಮೇಷ್ಟ್ರು ರುಜು ಹಾಕುವುದಿಲ್ಲ. ಒಳಗೆ ಅವರು ಮುದುಕನನ್ನು ಎತ್ತುತ್ತಿದ್ದರು. ನಾನು ಆ ಮನೆಯ ಅಂಗಳದಲ್ಲಿ ನಿಂತು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಅದು ಆರುವವರೆಗೆ ಊದಿದೆ.